ಸಾಹಿತ್ಯ ಮರೆತರೆ ಅಕಾರ: ಬರೆದಿಟ್ಟ ಪಿಯಾನೊ ಸಂಗೀತದ ಮೇಲೆ ನಮ್ಮ ಮನೋಧರ್ಮ

(ಹಾಸನದಲ್ಲಿ ಪಿಯಾನೊ, ಕೀಬೋರ್ಡ್ ಕಲಿಯುವವರಿಗೂ ಅವರ ಮನೆಯವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ಮಳೆ ಹಿಡಿದ ಮೇಲೆ ಸಕಲೇಶಪುರದ ಕಡೆ ಕರೆಂಟು ಹೋಗುವುದು ಯಾರಿಗೂ ಸುದ್ದಿಯಲ್ಲ. ನನಗೆ ಹದಿನಾಲ್ಕು ವರ್ಷವಿದ್ದಾಗ, ಒಂದು ಆಷಾಢದಲ್ಲಿ, ಪರಿಚಯದವರ ತೋಟದ ಮನೆಗೆ ಊಟಕ್ಕೆ ಹೋಗಿದ್ದೆವು. ಹಜಾರದಲ್ಲಿ ಹಳೆಯದೊಂದು ಪಿಯಾನೊ ಇತ್ತು. ಒಳಗೆ ತೇವ ಕೂರಬಾರದು ಅಂತ ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಬಲ್ಬು ಉರಿಸಿಟ್ಟಿದ್ದರು. ಮಲೆನಾಡಿನಲ್ಲಿ ಹಾಗೆ ಮಾಡದಿದ್ದರೆ ಮರ ಉಬ್ಬಿ, ಒತ್ತಿದ ಕೀ ಮೇಲೇಳುವುದೇ ಇಲ್ಲ. ಹುಡುಗ ಐದನೇ ಗ್ರೇಡ್ ಪಾಸ್ ಮಾಡಿದಾನೆ ಅಂತ ನನ್ನನ್ನು ಅದರ ಮುಂದೆ ಕೂರಿಸಿದರು. ಪುಸ್ತಕ ತೆರೆದು ಜರ್ಮನಿಯ ಸಂಗೀತಗಾರ ಬಾಖ್‌ನ ಸಿ ಮೇಜರ್ ಪ್ರಿಲ್ಯೂಡ್ ಅನ್ನುವ ಸಣ್ಣ ಪೀಸ್ ಶುರು ಮಾಡಿದೆ. ಹತ್ತು ಬಾರ್, ಅಂದರೆ ತಾಳದ ಹತ್ತು ಸುತ್ತು ಆಗಿರಬೇಕು, ದೀಪ ಹೋಯಿತು. ಪಿಯಾನೊದ ಹೊಟ್ಟೆಯೊಳಗಿನ ಬಲ್ಬೂ ಆರಿತು. ನನ್ನ ಕೈ ಅಭ್ಯಾಸಬಲದಿಂದ ಇನ್ನೆರಡು ಬಾರ್ ಓಡಿ ನಿಂತಿತು.

ಕತ್ತಲಲ್ಲಿ ನನ್ನ ಸೋದರತ್ತೆಯ ದನಿ ಬಂತು. ಅವರು ಅರಕಲಗೂಡಿನ ಕಡೆಯವರು, ಚಿಕ್ಕಂದಿನಲ್ಲಿ ಸಂಗೀತ ಕಲಿತವರು.

"ಯಾಕೋ, ನಿಲ್ಲಿಸ್ಬಿಟ್ಟೆ?"

"ಪುಸ್ತಕ ಕಾಣ್ಸಲ್ಲ ಅತ್ತೆ."

"ನಾವು ಸಾಹಿತ್ಯ ಮರೆತ್ರೆ ಅಕಾರದಲ್ಲೇ, ಬರೀ ಆ ಅಂತ, ಹಾಡ್ಕೊಂಡು ಮುಂದಕ್ಕೆ ಹೋಗ್ತೀವಪ್ಪ, ತಾಳ ನಿಲ್ಲಲ್ಲ. ನಿಮ್ಮದ್ರಲ್ಲಿ ಹಂಗೇನೂ ಇಲ್ವಾ?"

ಇಲ್ಲ ಅತ್ತೆ, ಬರೆದದ್ದನ್ನು ಬರೆದ ಹಾಗೇ ನುಡಿಸಬೇಕು ಅಂದೆ. ನನಗೆ ಹಾಗೆಂದೇ ಕಲಿಸಿದ್ದರು. ಆ ಉತ್ತರ ತಪ್ಪು ಅಂತ ತಿಳಿಯುವ ಹೊತ್ತಿಗೆ ನನಗೆ ಮೂವತ್ತು ಸಮೀಪಿಸಿತ್ತು. ಬರೆದಿಟ್ಟ ಪೀಸ್ ಮೇಲೂ ಮನೋಧರ್ಮಕ್ಕೆ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟಿ ನುಡಿಸುವುದಕ್ಕೆ, ಜಾಗ ಇದೆ. ಅದು ತಿಳಿಯಲು ಅಷ್ಟು ತಡ ನಿಮಗೆ, ನಿಮ್ಮ ಮಕ್ಕಳಿಗೆ ಆಗಬಾರದು ಅನ್ನುವುದಕ್ಕೇ ಇವತ್ತು ಮಾತಾಡುತ್ತಿದ್ದೇನೆ.

ಈ ಊರಲ್ಲಿ ಪಿಯಾನೊ ಕಲಿಯುವ ಮಕ್ಕಳನ್ನು ನೋಡುತ್ತಾ ಬಂದಿದ್ದೇನೆ. ಪರೀಕ್ಷೆಗೆ ಬೇಕಾದ ಮೂರೋ ನಾಲ್ಕೋ ಪೀಸ್ ವರ್ಷವಿಡೀ ತಿದ್ದುತ್ತಾರೆ, ಚೆನ್ನಾಗಿಯೇ ನುಡಿಸುತ್ತಾರೆ. ಹಾಳೆ ತೆಗೆದುಬಿಟ್ಟು ಹತ್ತು ಸೆಕೆಂಡು ಏನಾದರೂ ನುಡಿಸು ಮಗು ಅಂದರೆ ಕೈ ತೊಡೆಯ ಮೇಲೆ ಬಂದು ಕೂರುತ್ತದೆ. ಅವರಿಗೆ ಬರುವುದಿಲ್ಲ ಅಂತಲ್ಲ, ಬೇಕಾದ ಸಾಮಾನೆಲ್ಲ ಅವರ ಬೆರಳಲ್ಲೇ ಇದೆ. ಕಲಿತ ಪೀಸ್‌ನ ಒಳಗೆ ಹಾರ್ಮನಿ ಅಂತ ಒಂದು ಅಸ್ತಿಭಾರ ಇದೆ, ಅದರ ಮೇಲೆ ತಾವೂ ಗೋಡೆ ಎತ್ತಬಹುದು ಅಂತ ಯಾರೂ ಹೇಳಿರುವುದಿಲ್ಲ.

ಅತ್ತೆಯ ಪ್ರಶ್ನೆಗೆ ಚರಿತ್ರೆಯಲ್ಲಿ ಸಿಗುವ ಉತ್ತರ ಮೊದಲು ನೋಡೋಣ. 1747ರಲ್ಲಿ ಬಾಖ್ ಪಾಟ್ಸ್‌ಡ್ಯಾಮ್‌ಗೆ ಹೋದಾಗ ಪ್ರಷ್ಯಾದ ರಾಜ ಫ್ರೆಡರಿಕ್ ಒಂದು ಸ್ವರಸಾಲು ಕೊಟ್ಟು ಇದರ ಮೇಲೆ ಫ್ಯೂಗ್ (ಒಂದೇ ಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ) ನುಡಿಸಿ ಅಂದ. ಬಾಖ್ ಅಲ್ಲೇ, ಆ ಕ್ಷಣವೇ, ಮೂರು ದನಿಯಲ್ಲಿ ನುಡಿಸಿದರು. ಬೀಥೋವನ್ ಯುವಕರಾಗಿದ್ದಾಗ ವಿಯೆನ್ನಾದಲ್ಲಿ ಹೆಸರು ಮಾಡಿದ್ದರಲ್ಲಿ ಆಶುವಾದನದ ಪಾಲು ದೊಡ್ಡದು. ಅವರ ಶಿಷ್ಯ ಚೆರ್ನಿ, ನಮ್ಮ ಮಕ್ಕಳು ದಿನಾ ತಿದ್ದುವ ಬೆರಳಭ್ಯಾಸಗಳನ್ನು ಬರೆದ ಅದೇ ಚೆರ್ನಿ, ಪಿಯಾನೊದಲ್ಲಿ ಆಶುವಾಗಿ ನುಡಿಸುವುದು ಹೇಗೆ ಅಂತ 1829ರಲ್ಲಿ ಒಂದು ಇಡೀ ಪುಸ್ತಕ ಪ್ರಕಟಿಸಿದರು. ನಾವು ಬೆರಳಭ್ಯಾಸ ಇಟ್ಟುಕೊಂಡು ಆ ಪುಸ್ತಕವನ್ನು ಮರೆತೆವು.

ನನಗೆ ತುಂಬ ಹಿಡಿಸಿದ ಕಥೆ ನೇಪಲ್ಸ್‌ನದು. ಸಂಗೀತಶಾಲೆಗೆ ಹೇಳುವ ಕಾನ್ಸರ್ವೇಟರಿ ಅನ್ನುವ ಮಾತು ಹುಟ್ಟಿದ್ದು ಇಟಲಿಯ ಅನಾಥಾಲಯಗಳಿಂದ, ಮಕ್ಕಳನ್ನು ಕಾಪಾಡುವ ಮನೆ ಅನ್ನುವ ಅರ್ಥದಲ್ಲಿ. ಅಂಥ ನಾಲ್ಕು ಮನೆ ನೇಪಲ್ಸ್‌ನಲ್ಲಿದ್ದವು. ಹದಿನೆಂಟನೇ ಶತಮಾನದಲ್ಲಿ ಅಲ್ಲಿ ದುರಾಂತೆಯಂಥ ಮೇಷ್ಟ್ರು ಮಕ್ಕಳ ಮುಂದೆ ಇಡುತ್ತಿದ್ದದ್ದು ಒಂದೇ ಸಾಲು, ಬರೀ ಎಡಗೈಯ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರಗಳು. ಅದಕ್ಕೆ ಪಾರ್ಟಿಮೆಂಟೊ ಅಂತ ಹೆಸರು. ಮೇಲಿನದೆಲ್ಲ ಮಗು ಕೂತಲ್ಲೇ ಹುಟ್ಟಿಸಿಕೊಂಡು ನುಡಿಸಬೇಕು. ಬೇಸ್ ಸ್ವರ ಷಡ್ಜದಲ್ಲಿದ್ದರೆ ಈ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ರಿಷಭಕ್ಕೆ ಏರಿದರೆ ಆ ಕಾರ್ಡ್ ಅಂತ ಏಳು ಮೆಟ್ಟಿಲಿಗೂ ಕಟ್ಟಳೆ ಇತ್ತು. ನಮ್ಮ ಮಕ್ಕಳು ಸರಳೆ, ಜಂಟಿ ವರಸೆ ಬಾಯಿಪಾಠ ಮಾಡುವ ಹಾಗೆ ಅವರು ಅದನ್ನು ಕೈಪಾಠ ಮಾಡುತ್ತಿದ್ದರು. ಅನ್ನಕ್ಕಾಗಿ ಸಂಗೀತ ಕಲಿತ ಮಕ್ಕಳು ಅವರು, ನಾಳೆ ಚರ್ಚಿನಲ್ಲಿ ಯಾವ ಹೊತ್ತಿಗೆ ಏನು ಬೇಕೋ ಅದನ್ನು ಒದಗಿಸಬೇಕಿತ್ತು.

ಇನ್ನು ಪಿಯಾನೊಗೆ ಬರುತ್ತೇನೆ. ಕತ್ತಲಲ್ಲಿ ನಿಂತುಹೋದ ಅದೇ ಪ್ರಿಲ್ಯೂಡ್ ತೆಗೆದುಕೊಳ್ಳೋಣ. ಬಾಖ್ 1722ರ ಸಂಗ್ರಹದ ಬಾಗಿಲಲ್ಲೇ ಇಟ್ಟ ಪೀಸ್ ಇದು, 35 ಬಾರ್. ಮನೆಯಲ್ಲಿ 61 ಕೀಗಳ ಸಣ್ಣ ಕೀಬೋರ್ಡ್ ಇದ್ದರೂ ಸಾಕು, ಇಡೀ ಪೀಸ್ ಅದರೊಳಗೆ ಹಿಡಿಸುತ್ತದೆ. ಸಿ ಸ್ವರವನ್ನು ಸ ಅಂತ ಇಟ್ಟುಕೊಳ್ಳಿ, ಹಾರ್ಮೋನಿಯಂನವರು ಬಿಳಿ ಒಂದು ಅನ್ನುವ ಶ್ರುತಿ. ಮೊದಲ ಬಾರ್: ಸ ಗ ಪ ಸ ಗ. ಎರಡನೆಯದು: ಸ ರಿ ದ ರಿ ಮ. ಮೂರು: ನಿ ರಿ ಪ ರಿ ಮ. ನಾಲ್ಕು: ಮತ್ತೆ ಸ ಗ ಪ ಸ ಗ. ಎಲ್ಲ ಶಂಕರಾಭರಣದ ಸ್ವರಗಳೇ. ಕೆಳಗಿನ ಬೇಸ್ ಮಾತ್ರ ಕೇಳಿ: ಸ, ಸ, ನಿ, ಸ. ಮನೆಯಿಂದ ಹೊಸ್ತಿಲಿಗೆ ಒಂದು ಹೆಜ್ಜೆ ಇಟ್ಟು ವಾಪಸ್ ಬಂದ ಹಾಗೆ, ಅಷ್ಟೇ.

ಈಗ ನೀವು ನನಗೊಂದು ಸಹಾಯ ಮಾಡಬೇಕು. ಎಲ್ಲರೂ ಸ ಹಿಡಿಯಿರಿ, ಬಾಯಿ ಮುಚ್ಚಿ, ಗುನುಗುವಷ್ಟು. ಕೆಳಗೆ ನಾನು ಈ ನಾಲ್ಕು ಕಾರ್ಡ್ ನಿಧಾನಕ್ಕೆ ಹಾಕುತ್ತೇನೆ. ನೀವು ಅಲುಗಾಡಬೇಡಿ.

ಕೇಳಿಸಿತಲ್ಲ? ಮೊದಲ ಬಾರ್‌ನಲ್ಲಿ ನಿಮ್ಮ ಸ ನೆಮ್ಮದಿಯಾಗಿ ಕೂತಿತ್ತು. ಎರಡನೆಯದರಲ್ಲಿ ರಿ, ಮ, ದ ಸುತ್ತುವರಿದ ಕೂಡಲೇ ಸ್ವಲ್ಪ ಮಿಸುಕಾಡಿತು. ಮೂರನೆಯದರಲ್ಲಿ ನನ್ನ ನಿಷಾದದ ಜೊತೆ ಉಜ್ಜಿತು, ಮುಂದಿನ ಸಾಲಲ್ಲಿ ಇಬ್ಬರು ಸ ಬಿಟ್ಟು ನಿಗೆ ಇಳಿದೇಬಿಟ್ಟರು. ನಾಲ್ಕನೆಯದಕ್ಕೆ ಬಂದಾಗ ಇಡೀ ಸಭೆ ಉಸಿರು ಬಿಟ್ಟಿತು. ನೀವು ಹಾಡಿದ್ದು ಒಂದೇ ಸ್ವರ, ಅದರ ಅರ್ಥ ಮಾತ್ರ ಬಾರ್‌ನಿಂದ ಬಾರ್‌ಗೆ ಬದಲಾಯಿತು. ಹಾರ್ಮನಿ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಮಾಡಿ ತೋರಿಸುತ್ತೇನೆ, ಬೇರೆ ವ್ಯಾಖ್ಯೆ ಕೊಡುವುದಿಲ್ಲ.

ರಾಗದಲ್ಲಿ ಬೆಳೆದ ಕಿವಿಗೆ ಇದು ಹೊಸದು. ರಾಗದಲ್ಲಿ ಯಾವ ಸ್ವರಕ್ಕೆ ಎಷ್ಟು ಗೌರವ ಅನ್ನುವುದು ಮೊದಲೇ ನಿಶ್ಚಯವಾಗಿರುತ್ತದೆ, ಆಲಾಪನೆ ಮುಗಿಯುವ ತನಕ ಅದು ಬದಲಾಗದು. ಇಲ್ಲಿ ಪ್ರತಿ ಬಾರ್‌ಗೂ ಮನೆಯವರು ಯಾರು, ನೆಂಟರು ಯಾರು ಅನ್ನುವುದು ಬೇರೆ. ಮೊದಲ ಬಾರ್‌ನಲ್ಲಿ ಗ ಮನೆಯವಳು, ಎರಡನೆಯದರಲ್ಲಿ ದಾರಿಹೋಕಳು. ಆರನೇ ಬಾರ್‌ಗೆ ಹೋದರೆ ಪ್ರತಿ ಮಧ್ಯಮ, ಅಂದರೆ ಅರ್ಧ ಸ್ವರ ಏರಿದ ಮ, ಬರುತ್ತದೆ. ನಮ್ಮ ಕಿವಿ ಕೂಡಲೇ ಕಲ್ಯಾಣಿ ರಾಗ ಅನ್ನುತ್ತದೆ. ಬಾಖ್ ಮಾಡುತ್ತಿರುವುದು ಬೇರೆಯೇ, ಪಂಚಮವನ್ನು ಹೊಸ ಮನೆಯಾಗಿ ಮಾಡಿಕೊಳ್ಳಲು ಹೊರಟಿದ್ದಾರೆ. ಹನ್ನೊಂದನೇ ಬಾರ್‌ನಲ್ಲಿ ಅಲ್ಲಿಗೆ ತಲುಪುತ್ತಾರೆ. ಹನ್ನೆರಡರಲ್ಲಿ ಶುದ್ಧ ರಿಷಭವೂ ಕೈಶಿಕಿ ನಿಷಾದವೂ, ಅಂದರೆ ಅರ್ಧ ಸ್ವರ ತಗ್ಗಿದ ರಿ, ನಿ, ಒಟ್ಟಿಗೆ ನುಗ್ಗುತ್ತವೆ. ರಾಗದ ಕಣ್ಣಿಗೆ ಅವು ಅನ್ಯಸ್ವರ, ಇಲ್ಲಿ ಅವು ಮುಂದಿನ ಬಾರ್‌ಗೆ ತಳ್ಳುವ ಕೈಗಳು.

ಹಾಗಾದರೆ ನಮ್ಮ ಸಂಗೀತದಲ್ಲಿ ಇದಕ್ಕೆ ಹತ್ತಿರದ್ದು ಯಾವುದು? ಆಲಾಪನೆ ಅನ್ನುವವರು ಹೆಚ್ಚು. ನನ್ನ ಪ್ರಕಾರ ನೆರವಲ್. ರುದ್ರಪಟ್ಟಣದಂಥ ಊರು ಇರುವ ಜಿಲ್ಲೆ ಇದು, ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ನೆರವಲ್ ಏನು ಅಂತ ನಾನು ನಿಮಗೆ ಹೇಳಬೇಕಿಲ್ಲ. ಸಾಹಿತ್ಯದ ಒಂದು ಸಾಲು ಇರುತ್ತದೆ, ಅದರ ಅಕ್ಷರಗಳು ತಾಳದಲ್ಲಿ ತಮ್ಮ ಜಾಗ ಬಿಟ್ಟು ಕದಲುವುದಿಲ್ಲ, ಹಾಡುವವರು ಆ ಗೂಟಗಳ ನಡುವೆ ಸುತ್ತಿಗೊಂದು ಹೊಸ ಸಂಚಾರ ಕಟ್ಟುತ್ತಾರೆ. ಬಾಖ್‌ನ ಕಾರ್ಡುಗಳನ್ನು ಆ ಅಕ್ಷರಗಳ ಹಾಗೆ ಇಟ್ಟುಕೊಳ್ಳಿ. ಜಾಗ ಬಿಟ್ಟು ಕದಲಿಸಬೇಡಿ. ಮೇಲಿನದು ನಿಮ್ಮ ಪಾಲು.

ಮಾಡುವ ಬಗೆ ಹೇಳುತ್ತೇನೆ. ಮೊದಲ ಕೆಲಸ ಪೀಸ್‌ಗೆ ಮರಗಸಿ ಮಾಡುವುದು. ತೋಟದವರು ಇಲ್ಲಿ ಸುಮಾರು ಜನ ಇದ್ದೀರಿ. ನೆರಳು ಮರದ ಕೊಂಬೆ ಸವರಿದ ಮೇಲೆ ಕಾಂಡ ಎಲ್ಲಿದೆ, ಕವಲು ಎಲ್ಲಿ ಒಡೆದಿದೆ ಅಂತ ಕಾಣುತ್ತದಲ್ಲ, ಹಾಗೆ. ಬಾಖ್ ಬಿಡಿಬಿಡಿಯಾಗಿ ಹರಡಿದ ಸ್ವರಗಳನ್ನು ಒಟ್ಟಿಗೆ ಒತ್ತಿ ಒಂದು ಬಾರ್‌ಗೆ ಒಂದು ಕಾರ್ಡ್ ಮಾಡಿ. 35 ಬಾರ್, ಹೆಚ್ಚುಕಮ್ಮಿ 35 ಕಾರ್ಡ್. ದಿನಕ್ಕೆ ಐದು ಕಾರ್ಡ್ ಕಲಿತರೆ ಒಂದು ವಾರಕ್ಕೆ ಇಡೀ ಪೀಸ್ ಕೈಯಲ್ಲಿ. ಆಗ ಕಾಣುತ್ತದೆ, 24ನೇ ಬಾರ್‌ನಿಂದ ಎಂಟು ಬಾರ್ ಕಾಲ ಬೇಸ್ ಪಂಚಮದಲ್ಲೇ ನಿಂತಿದೆ, ಮೇಲೆ ಏನೇನೋ ಕದಲುತ್ತಿದೆ. ತಂಬೂರಿಯ ಪಂಚಮ ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕೊನೆಯ ನಾಲ್ಕು ಬಾರ್‌ಗೆ ಬೇಸ್ ಸಗೆ ಇಳಿದು ಅಲ್ಲೇ ಉಳಿಯುತ್ತದೆ. ಇಷ್ಟು ವರ್ಷ ಈ ಪೀಸ್ ನುಡಿಸಿದವರಿಗೂ ಇದು ಕಂಡಿರುವುದಿಲ್ಲ, ನನಗೂ ಕಂಡಿರಲಿಲ್ಲ. ಅವತ್ತು ಕತ್ತಲಲ್ಲಿ ನಾನು ನಿಂತದ್ದು ಇದಕ್ಕೇ. ನನ್ನ ಬೆರಳಿಗೆ ಮುಂದಿನ ಸ್ವರ ಗೊತ್ತಿತ್ತು, ಮುಂದಿನ ಜಾಗ ಗೊತ್ತಿರಲಿಲ್ಲ. ಒಂದು ಸ್ವರ ಕೈಕೊಟ್ಟ ಕೂಡಲೇ ಉಳಿದದ್ದೆಲ್ಲ ಹೋಯಿತು.

ಆಮೇಲೆ ಮೊದಲ ನಾಲ್ಕು ಬಾರ್ ಮಾತ್ರ ಇಟ್ಟುಕೊಳ್ಳಿ, ಸುತ್ತಿ ಸುತ್ತಿ ನುಡಿಸಿ. ಎಡಗೈ ಕಾರ್ಡ್ ಹಿಡಿದಿರಲಿ. ಬಲಗೈಗೆ ಒಂದು ಬಾರ್‌ಗೆ ಒಂದೇ ಸ್ವರ, ಉದ್ದಕ್ಕೆ, ಅದೂ ಆ ಕಾರ್ಡ್‌ನಲ್ಲಿರುವ ಸ್ವರವೇ ಆಗಬೇಕು. ಬಾಖ್ ಮೇಲಿಟ್ಟದ್ದು ಗ, ಮ, ಮ, ಗ. ನಾನು ಪ, ದ, ಪ, ಪ ಅಂತ ಹಿಡಿಯುತ್ತೇನೆ. ಸ, ರಿ, ರಿ, ಗ ಅಂತಲೂ ಹೋಗಬಹುದು. ಮೂರೂ ಸರಿ, ಮೂರಕ್ಕೂ ಬೇರೆ ಬೇರೆ ಮುಖ. ಕಾರ್ಡ್ ಬದಲಾದಾಗ ದೂರ ನೆಗೆಯಬೇಡಿ, ಪಕ್ಕದ ಸ್ವರಕ್ಕೆ ಕಾಲಿಡಿ. ಒಂದು ವಾರ ಇಷ್ಟೇ ಮಾಡಿ. ಮಕ್ಕಳಿಗೆ ಇದು ಬೇಜಾರು ಬರುತ್ತದೆ ಅಂತ ದೊಡ್ಡವರು ಹೆದರುತ್ತಾರೆ. ನನ್ನ ಅನುಭವದಲ್ಲಿ ಬೇಗ ಬೇಜಾರಾಗುವುದು ದೊಡ್ಡವರಿಗೆ. ತಾನು ಆರಿಸಿದ ಸ್ವರ ಚೆನ್ನಾಗಿ ಕೇಳಿಸಿತು ಅನ್ನುವ ಖುಷಿ ಒಮ್ಮೆ ಹತ್ತಿದರೆ ಮಗು ಎದ್ದು ಬರುವುದಿಲ್ಲ.

ಎರಡನೇ ವಾರ ನಡುವಿನ ಸ್ವರ ಸೇರಿಸಿ. ಮೊದಲ ಬಾರ್‌ನ ಗದಿಂದ ಎರಡನೇ ಬಾರ್‌ನ ದಕ್ಕೆ ಹೋಗಬೇಕಾದರೆ ಮ, ಪ ಮೆಟ್ಟಿಕೊಂಡು ಹೋಗಿ, ತಾಳ ಬೀಳುವ ಹೊತ್ತಿಗೆ ದ ಮೇಲಿರಿ. ಮೂರನೇ ವಾರ ಇನ್ನೊಂದು ರುಚಿ ತೋರಿಸುತ್ತೇನೆ, ಇದು ನನಗೆ ಎಲ್ಲಕ್ಕಿಂತ ಪ್ರೀತಿ. ಎರಡನೇ ಬಾರ್‌ನ ದವನ್ನು ಬಿಡಬೇಡಿ. ಮೂರನೇ ಬಾರ್‌ನ ಕಾರ್ಡ್ ಕೆಳಗೆ ಬಿತ್ತು, ದ ಇನ್ನೂ ಮೇಲೆ ಹಿಡಿದೇ ಇದ್ದೀರಿ. ಕೇಳಿ, ಈಗ ಅದು ಆ ಮನೆಯದಲ್ಲ. ಒಂದು ಕ್ಷಣ ಕಾಯಿಸಿ, ಆಮೇಲೆ ಪಂಚಮಕ್ಕೆ ಇಳಿಸಿ. ಆ ಇಳಿತದಲ್ಲಿ ಹಾಡಿನವರು ಜಾರಿನಲ್ಲಿ ತರುವ ಭಾವದ ನೆರಳು ಇದೆ. ಪಿಯಾನೊದಲ್ಲಿ ಗಮಕ ಇಲ್ಲ, ಎರಡು ಕೀಗಳ ನಡುವೆ ಏನೂ ಇಲ್ಲ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅಲ್ಲಿ ಕಂಪನದಿಂದ ಆಗುವ ಕೆಲಸ ಇಲ್ಲಿ ಹೀಗೆ ತಡಮಾಡಿ ಇಳಿಯುವುದರಿಂದ ಆಗುತ್ತದೆ.

ಬೇರೆಯವರು ಕಟ್ಟಿದ ಅಸ್ತಿಭಾರದ ಮೇಲೆ ನಾನು ಕಟ್ಟಿದರೆ ಅದು ನನ್ನದಾಗುತ್ತದಾ ಅಂತ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದ್ದಳು. ಅವಳಿಗೆ ಗೂನೊ ಕಥೆ ಹೇಳಿದೆ. ಫ್ರಾನ್ಸಿನ ಚಾರ್ಲ್ಸ್ ಗೂನೊ ಇದೇ ಪ್ರಿಲ್ಯೂಡ್‌ನ ಹಾರ್ಮನಿಯ ಮೇಲೆ ಆಶುವಾಗಿ ಒಂದು ರಾಗಸಾಲು ನುಡಿಸುತ್ತಿದ್ದರು. ಅವರ ಮಾವ, ಪಿಯಾನೊ ಮೇಷ್ಟ್ರು ಜಿಮರ್‌ಮನ್, ಅದನ್ನು ಕೇಳಿ ಬರೆದಿಟ್ಟರು. 1853ರಲ್ಲಿ ಅದು ಅಚ್ಚಾಯಿತು, ಕೆಲವು ವರ್ಷಕ್ಕೆ ಲ್ಯಾಟಿನ್ ಪ್ರಾರ್ಥನೆಯ ಮಾತು ಸೇರಿ ಆವೆ ಮರಿಯಾ ಆಯಿತು. ಚರ್ಚುಗಳಲ್ಲಿ, ಮದುವೆಗಳಲ್ಲಿ ನೀವು ಕೇಳಿರುತ್ತೀರಿ. ಕೆಳಗೆ ಬಾಖ್‌ನ ಕಾರ್ಡ್ ಹಾಗೇ ಹರಿಯುತ್ತದೆ, ಮೇಲೆ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಆದಮೇಲೆ ಬಂದ ಇನ್ನೊಬ್ಬರ ಹಾಡು. ಆ ಹಾಡಿನ ಮೊದಲ ಸ್ವರವೂ ಗ, ಉದ್ದಕ್ಕೆ ಹಿಡಿದದ್ದು. ನಿಮ್ಮ ಮೊದಲ ವಾರದ ಅಭ್ಯಾಸಕ್ಕೂ ಅದಕ್ಕೂ ಹೆಚ್ಚು ದೂರ ಇಲ್ಲ.

ತೀರಾ ಹೊಸಬರಿಗೆ ಪಾಖೆಲ್ಬೆಲ್‌ನ ಕ್ಯಾನನ್ ಇನ್ನೂ ಸುಲಭ. ಬೇಸ್ ಎಂಟೇ ಸ್ವರ: ಸ ಪ ದ ಗ ಮ ಸ ಮ ಪ. ಶುರುವಿಂದ ಕೊನೆವರೆಗೆ ಅದೇ 28 ಸಲ ಸುತ್ತುತ್ತದೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಮಕ್ಕಳಿಗೆ ಹೇಳಿಕೊಟ್ಟರೆ ಸಂಜೆಗೆ ಅವರೇ ನಿಮಗೆ ಹೇಳಿಕೊಡುತ್ತಾರೆ.

ಶೋಪ್ಯಾನ್‌ನ ಇ ಮೈನರ್ ಪ್ರಿಲ್ಯೂಡ್ ಹಾಗಲ್ಲ, ಅದಕ್ಕೆ ಒಂದು ವರ್ಷ ಕಾಯಿರಿ. 1839ರಲ್ಲಿ ಅಚ್ಚಾದ ಇಪ್ಪತ್ನಾಲ್ಕು ಪ್ರಿಲ್ಯೂಡುಗಳಲ್ಲಿ ನಾಲ್ಕನೆಯದು, 25 ಬಾರ್. ಎಡಗೈಯಲ್ಲಿ ಮೂರು ಸ್ವರದ ಕಾರ್ಡ್ ಒಂದೇ ಸಮನೆ ತಟ್ಟುತ್ತಿರುತ್ತದೆ. ಒಮ್ಮೆ ಈ ಬೆರಳು, ಒಮ್ಮೆ ಆ ಬೆರಳು ಪಕ್ಕದ ಕೀಗೆ ಜಾರುತ್ತದೆ, ಹೆಚ್ಚಾಗಿ ಅರ್ಧ ಸ್ವರದಷ್ಟು. ಕಾರ್ಡ್ ಬದಲಾಯಿತು ಅಂತ ಗೊತ್ತಾಗುವ ಮೊದಲೇ ಬದಲಾಗಿರುತ್ತದೆ. ಬಲಗೈಯಲ್ಲಿ ಹೆಚ್ಚೇನೂ ಇಲ್ಲ. ಇ ಸ್ವರವನ್ನು ಸ ಅಂದುಕೊಂಡರೆ ಪ ದ ಪ, ಪ ದ ಪ, ಶುದ್ಧ ಧೈವತ. ನಮ್ಮ ಹೆಂಗಸರು ತೊಟ್ಟಿಲ ಹಾಡಲ್ಲಿ ಎರಡೇ ಸ್ವರದ ನಡುವೆ ಓಲಾಡುವ ಹಾಗೆ. ಶೋಪ್ಯಾನ್ 1849ರಲ್ಲಿ ತೀರಿಕೊಂಡಾಗ ಪ್ಯಾರಿಸಿನ ಮ್ಯಾಡ್ಲಿನ್ ಚರ್ಚಿನಲ್ಲಿ ಅಂತ್ಯಸಂಸ್ಕಾರದ ಹೊತ್ತಿಗೆ ಇದನ್ನು ಆರ್ಗನ್‌ನಲ್ಲಿ ನುಡಿಸಿದರು.

ಇದರ ಎಡಗೈಯನ್ನು ಮಾತ್ರ ಕಲಿಯಿರಿ. ಮೇಲೆ ಮೊದಲು ನುಡಿಸಬೇಡಿ, ಹಾಡಿ. ಇದು ನನ್ನ ಹಠ, ಶಿಷ್ಯರಿಗೆ ಗೊತ್ತು. ಪಿಯಾನೊದವರಿಗೆ ಉಸಿರು ಕಟ್ಟುವುದಿಲ್ಲ, ಅದರಿಂದ ನಿಲ್ಲಿಸುವುದೇ ಗೊತ್ತಾಗುವುದಿಲ್ಲ. ಬೆರಳು ಓಡುತ್ತಲೇ ಇರುತ್ತದೆ, ಕೇಳುವವರಿಗೆ ಏದುಸಿರು. ಹಾಡಿಕೊಂಡರೆ ನಾಲ್ಕನೇ ಬಾರ್ ಹೊತ್ತಿಗೆ ಶ್ವಾಸ ಮುಗಿಯುತ್ತದೆ, ನಿಲ್ಲಲೇಬೇಕಾಗುತ್ತದೆ. ಆ ನಿಂತ ಜಾಗದಲ್ಲಿ ಎಡಗೈಯ ಕಾರ್ಡ್ ಜಾರುವುದು ಕೇಳಿಸುತ್ತದೆ, ಮುಂದೆ ಯಾವ ಸ್ವರ ಬೇಕು ಅಂತ ಅದೇ ಹೇಳಿಕೊಡುತ್ತದೆ. ದನಿ ಚೆನ್ನಾಗಿಲ್ಲ ಅಂತ ಸಂಕೋಚ ಬೇಡ. ಯಾರೂ ಇಲ್ಲದ ಹೊತ್ತು ನೋಡಿ ಹಾಡಿ.

ಶುರುವಿನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಬಲಗೈಯಲ್ಲಿ ಏನೋ ಚೆಂದದ್ದು ಸಿಕ್ಕಿತು ಅಂತ ಅದರ ಹಿಂದೆ ಹೋಗಿ ಎಡಗೈಯನ್ನು ಮರೆಯುತ್ತಾರೆ. ತಾಳ ತಪ್ಪಿತು, ಕಾರ್ಡ್ ತಡವಾಯಿತು, ಕೆಳಗಿನ ನೆಲವೇ ಹೋಯಿತು. ಬಲಗೈ ತಪ್ಪಿದರೆ ತಪ್ಪಲಿ, ಪಕ್ಕದ ಸ್ವರಕ್ಕೆ ಸರಿದರೆ ಅದೇ ಅಲಂಕಾರವಾಗುತ್ತದೆ. ಬೇಸ್ ಮಾತ್ರ ಅದರ ಹೊತ್ತಿಗೆ ಬೀಳಲೇಬೇಕು. ಅತ್ತೆ ಹೇಳಿದ್ದು ಅದನ್ನೇ, ತಾಳ ನಿಲ್ಲಲ್ಲ.

ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿಗೆ ಇದರಿಂದ ಕಿವಿ ಕೆಡುತ್ತದಾ ಅಂತ ಬಾಗಿಲಲ್ಲೇ ಒಬ್ಬರು ಅಮ್ಮ ಕೇಳಿದರು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು 94 ಕೃತಿ ರಚಿಸಿದವರು. ಅವರೇ ಪಿಯಾನೊವನ್ನೂ ಶ್ರದ್ಧೆಯಿಂದ ಕಲಿತವರು, ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ಸಂಗೀತದ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ನಮ್ಮ ಮಹಾರಾಜರಿಗೆ ಅರ್ಪಿಸಿದ್ದಾರೆ. ಒಂದೇ ಎದೆಯಲ್ಲಿ ಎರಡೂ ಇದ್ದವು, ಒಂದು ಇನ್ನೊಂದನ್ನು ಕೆಡಿಸಲಿಲ್ಲ. ಬೆಳಿಗ್ಗೆ ತಂಬೂರಿ, ಸಂಜೆ ಪಿಯಾನೊ ಅಂತ ಹೊತ್ತು ಬೇರೆ ಇಟ್ಟುಕೊಂಡರೆ ಸಾಕಮ್ಮ. ಪಿಯಾನೊದ ಗಾಂಧಾರವನ್ನು ಹಾಡಿನ ಗಾಂಧಾರಕ್ಕೆ ಅಳತೆಯಾಗಿ ಇಟ್ಟುಕೊಳ್ಳಬೇಡಿ, ಅದೊಂದು ಎಚ್ಚರ ಇರಲಿ.

ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅದಕ್ಕೂ ಮುಂಚೆ ಒಮ್ಮೆ ಅವರ ಮನೆಗೆ ಕೀಬೋರ್ಡ್ ಹೊತ್ತುಕೊಂಡು ಹೋಗಿ, ಕಣ್ಣು ಮುಚ್ಚಿಕೊಂಡು ಈ ಪ್ರಿಲ್ಯೂಡ್ ನುಡಿಸಿದೆ. ಹನ್ನೆರಡನೇ ಬಾರ್‌ನಲ್ಲಿ ಬೇಕೆಂದೇ ಬಾಖ್‌ನನ್ನು ಬಿಟ್ಟೆ, ಕಾರ್ಡ್ ಮಾತ್ರ ಉಳಿಸಿಕೊಂಡು ಕೊನೆಯವರೆಗೂ ನನ್ನದೇ ನುಡಿಸಿದೆ. ಅವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮುಗಿದ ಮೇಲೆ, "ಆ ಪಂಚಮದ ಹತ್ರ ಇನ್ನೂ ಸ್ವಲ್ಪ ನಿಂತ್ಕೋಬಹುದಿತ್ತು ಕಣೋ, ಅವಸರ ಮಾಡ್ದೆ" ಅಂದರು. ಅವರು ಹೇಳಿದ್ದು 24ನೇ ಬಾರ್‌ನಿಂದ ಬರುವ ಆ ಎಂಟು ಬಾರ್‌ಗಳನ್ನು. ಹೆಸರು ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದರು. ಈಗ ನುಡಿಸುವಾಗ ಅಲ್ಲಿ ನಿಲ್ಲುತ್ತೇನೆ.

ನಿಮ್ಮ ಕುರ್ಚಿಯ ಮೇಲೆ ಒಂದೊಂದು ಹಾಳೆ ಇಟ್ಟಿದ್ದೇವೆ. ಅದರಲ್ಲಿ ಪ್ರಿಲ್ಯೂಡ್‌ನ ಬೇಸ್ ಮಾತ್ರ ಇದೆ, ಮೊದಲಿಂದ ಕೊನೆವರೆಗೆ, ಕನ್ನಡದಲ್ಲೇ, ಸ ರಿ ಗ ಮದಲ್ಲಿ. ಮೇಲಿನ ಸಾಲು ಖಾಲಿ ಬಿಟ್ಟಿದ್ದೇವೆ. ಪಿಯಾನೊ ಇಲ್ಲೇ ಇದೆ, ಇನ್ನೂ ಒಂದು ಗಂಟೆ ಹೊತ್ತು ಸಭಾಂಗಣ ನಮ್ಮದು. ಎಡಗೈ ನಾನು ನುಡಿಸುತ್ತೇನೆ. ಮುಂದಿನ ಸಾಲಿನ ಮಕ್ಕಳಿಂದ ಶುರು ಮಾಡೋಣ, ಒಬ್ಬೊಬ್ಬರಾಗಿ ನನ್ನ ಬಲಗಡೆ ಬಂದು ಕೂರಿ. ಬಾರ್‌ಗೆ ಒಂದೇ ಸ್ವರ.